ಮಕ್ಕಳ ಮೂತ್ರದ ಕಲ್ಲು: ಕಾಯುವುದೇ, ಒಡೆಸುವುದೇ, ತೆಗೆಸುವುದೇ?

ಮಗುವಿನ ಸ್ಕ್ಯಾನಿಂಗ್ ವರದಿಯಲ್ಲಿ ‘ಕ್ಯಾಲ್ಕ್ಯುಲಸ್’ (ಅಂದರೆ ಕಲ್ಲು) ಎಂಬ ಪದ ಕಂಡ ದಿನದಿಂದ ತಂದೆತಾಯಿಗೆ ಸಲಹೆಗಳ ಕೊರತೆ ಇರುವುದಿಲ್ಲ. ಒಬ್ಬ ವೈದ್ಯರು ನೀರು ಕುಡಿಸಿ ಕಾಯೋಣ ಎನ್ನುತ್ತಾರೆ, ಇನ್ನೊಬ್ಬರು ಹೊರಗಿನಿಂದಲೇ ಶಾಕ್‌ವೇವ್ (ಆಘಾತ ತರಂಗ) ಕೊಟ್ಟು ಒಡೆಯೋಣ ಎನ್ನುತ್ತಾರೆ, ಮೂರನೆಯವರು ಲೇಸರ್ ಒಂದೇ ದಾರಿ ಎನ್ನುತ್ತಾರೆ. ಮನೆಯ ಹಿರಿಯರು ಬಾಳೆದಿಂಡಿನ ರಸವನ್ನೂ ಹುರುಳಿಕಟ್ಟನ್ನೂ ನೆನಪಿಸುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ; ವೈದ್ಯರು ಹೇಳುವ ಪ್ರತಿಯೊಂದು ದಾರಿಯೂ ಯಾವುದೋ ಒಂದು ಮಗುವಿಗೆ, ಯಾವುದೋ ಒಂದು ಅಳತೆಯ ಕಲ್ಲಿಗೆ ಹೊಂದುತ್ತದೆ. ನಿಮ್ಮ ಮಗುವಿಗೆ ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರೊಂದಿಗೆ ಕುಳಿತು ತೀರ್ಮಾನಿಸಲು ಬೇಕಾದ ತಿಳಿವಳಿಕೆಯನ್ನು ಒಂದೆಡೆ ಕೊಡುವುದು ಈ ಬರಹದ ಉದ್ದೇಶ.

ಹೋಲಿಕೆಗೆ ಇಳಿಯುವ ಮೊದಲು ಒಂದು ಮಾತು ಹೇಳಲೇಬೇಕು. ಕೆಲವು ಸಂದರ್ಭಗಳಲ್ಲಿ ಆಯ್ಕೆ ಮಾಡುತ್ತ ಕೂರಲು ಸಮಯವೇ ಇರುವುದಿಲ್ಲ. ಕಲ್ಲಿನ ನೋವಿನ ಜೊತೆಗೆ ಚಳಿಜ್ವರ ಬಂದರೆ, ಮೂತ್ರ ಪೂರ್ತಿ ನಿಂತರೆ ಅಥವಾ ತೀರಾ ಕಡಿಮೆಯಾದರೆ, ಏನು ಕೊಟ್ಟರೂ ವಾಂತಿಯಾಗುತ್ತಿದ್ದರೆ, ಮಗುವಿಗೆ ಹುಟ್ಟಿನಿಂದ ಒಂದೇ ಮೂತ್ರಪಿಂಡವಿದ್ದು ಅದರ ದಾರಿಯೇ ಕಟ್ಟಿಕೊಂಡಿದ್ದರೆ, ಅದೇ ದಿನ ಆಸ್ಪತ್ರೆ ಸೇರಬೇಕು. ಕಟ್ಟಿಕೊಂಡ ಮೂತ್ರಪಿಂಡದಲ್ಲಿ ಸೋಂಕು ಸೇರಿದರೆ ಅದು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಹುದು. ಆಗ ವೈದ್ಯರು ಕಲ್ಲಿನ ತಂಟೆಗೆ ಹೋಗುವುದಿಲ್ಲ. ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಮೆತ್ತನೆಯ ಸಣ್ಣ ಕೊಳವೆ ಇಟ್ಟೋ, ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ನೇರವಾಗಿ ನಳಿಗೆ ಹಾಕಿಯೋ ಮೂತ್ರವನ್ನು ಹೊರಗೆ ಹರಿಸುತ್ತಾರೆ, ಆ್ಯಂಟಿಬಯಾಟಿಕ್ ಕೊಟ್ಟು ಸೋಂಕು ಇಳಿಸುತ್ತಾರೆ. ಕಲ್ಲನ್ನು ತೆಗೆಯುವುದು ಆಮೇಲಿನ ಮಾತು. ‘ಕಲ್ಲು ತೆಗೆಯದೆ ಬರೀ ನಳಿಗೆ ಹಾಕಿ ಕಳಿಸಿದರು’ ಎಂದು ನೊಂದುಕೊಳ್ಳುವ ಹೆತ್ತವರಿಗೆ ಇದು ತಿಳಿದಿರಬೇಕು: ಆ ಹೊತ್ತಿನಲ್ಲಿ ಅದೇ ಸರಿಯಾದ ಚಿಕಿತ್ಸೆ.

ಯಾವುದನ್ನು ನೋಡಿ ತೀರ್ಮಾನಿಸಬೇಕು

ಮೊದಲ ಅಳತೆಗೋಲು ಕಲ್ಲಿನ ಗಾತ್ರ. ಸ್ಥೂಲವಾಗಿ 5 ಮಿ.ಮೀ.ಗಿಂತ ಚಿಕ್ಕವು, 5ರಿಂದ 10 ಮಿ.ಮೀ.ವರೆಗಿನವು, 10ರಿಂದ 20 ಮಿ.ಮೀ.ವರೆಗಿನವು ಮತ್ತು 20 ಮಿ.ಮೀ.ಗಿಂತ ದೊಡ್ಡವು ಎಂದು ನಾಲ್ಕು ಗುಂಪು ಮಾಡಿಕೊಂಡರೆ ವೈದ್ಯರ ಮಾತು ಅರ್ಥವಾಗುವುದು ಸುಲಭ. ಒಂದಕ್ಕಿಂತ ಹೆಚ್ಚು ಕಲ್ಲುಗಳಿದ್ದರೆ ಎಲ್ಲವನ್ನೂ ಕೂಡಿಸಿದ ಅಳತೆಯನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ.

ಎರಡನೆಯದು ಕಲ್ಲು ಇರುವ ಜಾಗ. ಮೂತ್ರಪಿಂಡದ ನಡುವಿನ ಚೀಲದಲ್ಲಿರುವ ಕಲ್ಲು, ಅದರ ಕೆಳಗಿನ ಮೂಲೆಯಲ್ಲಿ ಕುಳಿತ ಕಲ್ಲು, ಮೂತ್ರನಾಳದ ಮೇಲ್ಭಾಗದಲ್ಲಿ ಸಿಕ್ಕಿಕೊಂಡದ್ದು, ಕೆಳಭಾಗಕ್ಕೆ ಇಳಿದದ್ದು, ಮೂತ್ರಕೋಶದಲ್ಲಿರುವುದು, ಇವೆಲ್ಲ ಅಳತೆಯಲ್ಲಿ ಒಂದೇ ಆಗಿದ್ದರೂ ಚಿಕಿತ್ಸೆ ಬೇರೆಬೇರೆ.

ಮೂರನೆಯದು ಗಡಸುತನ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳೇ ಹೆಚ್ಚು ಸಾಮಾನ್ಯ. ಅವುಗಳಲ್ಲಿ ಮೋನೋಹೈಡ್ರೇಟ್ ಎಂಬ ಬಗೆ ಬಹಳ ಗಟ್ಟಿ. ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದಾಗುವ ಕಲ್ಲು ಶಾಕ್‌ವೇವ್‌ಗೆ ಸುಲಭದಲ್ಲಿ ಜಗ್ಗುವುದಿಲ್ಲ. ಯೂರಿಕ್ ಆಮ್ಲದ ಕಲ್ಲು ಇದಕ್ಕೆ ತದ್ವಿರುದ್ಧ: ಮೂತ್ರದ ಆಮ್ಲೀಯತೆ ತಗ್ಗಿಸುವ ಔಷಧಿ ಕೊಟ್ಟರೆ ಅದು ಕರಗಿಯೇ ಹೋಗಬಹುದು, ಆದರೆ ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿದ್ದರೆ ಅದರ ವರದಿಯಲ್ಲಿ ಕಲ್ಲು ಎಷ್ಟು ಸಾಂದ್ರವೆಂದು ತೋರಿಸುವ ಹೌನ್ಸ್‌ಫೀಲ್ಡ್ ಅಂಕ ಎಂದೊಂದು ಸಂಖ್ಯೆ ಇರುತ್ತದೆ. ಅದು 1000 ದಾಟಿದ್ದರೆ ಶಾಕ್‌ವೇವ್ ಫಲಿಸುವ ಸಾಧ್ಯತೆ ಇಳಿಯುತ್ತದೆ. ಹಾಗೆಂದು ಈ ಒಂದು ಅಂಕಕ್ಕಾಗಿ ಪ್ರತಿ ಮಗುವಿಗೂ ಸಿ.ಟಿ. ಮಾಡಿಸಬಾರದು. ಬೆಳೆಯುವ ದೇಹಕ್ಕೆ ವಿಕಿರಣ ಎಷ್ಟು ಕಡಿಮೆ ತಗುಲಿದರೆ ಅಷ್ಟು ಒಳ್ಳೆಯದು. ಆದ್ದರಿಂದ ಮಕ್ಕಳಲ್ಲಿ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಅದರಲ್ಲಿ ಮೂತ್ರನಾಳದ ನಡುಭಾಗದ ಕಲ್ಲು ತಪ್ಪಿಹೋಗುವುದುಂಟು; ನೋವಿನ ಕಾರಣ ತಿಳಿಯದಿದ್ದಾಗ ಅಥವಾ ಶಸ್ತ್ರಚಿಕಿತ್ಸೆಯ ಯೋಜನೆಗೆ ಅಗತ್ಯವಿದ್ದಾಗ ಮಾತ್ರ ಕಡಿಮೆ ವಿಕಿರಣದ ಸಿ.ಟಿ. ಸಾಕು.

ನಾಲ್ಕನೆಯದನ್ನು ದೊಡ್ಡವರ ಚಿಕಿತ್ಸೆಯಲ್ಲಿ ಯಾರೂ ಅಷ್ಟಾಗಿ ಲೆಕ್ಕಿಸುವುದಿಲ್ಲ, ಮಕ್ಕಳಲ್ಲಿ ಲೆಕ್ಕಿಸಲೇಬೇಕು. ಅದು ಒಟ್ಟು ಎಷ್ಟು ಬಾರಿ ಅರಿವಳಿಕೆ ಕೊಡಬೇಕಾಗುತ್ತದೆ ಎಂಬುದು. ಶಾಕ್‌ವೇವ್ ತೆಗೆದುಕೊಳ್ಳುವಾಗ ದೊಡ್ಡವರು ಎಚ್ಚರವಾಗಿಯೇ ಮಲಗಿರಬಲ್ಲರು. ನಾಲ್ಕು ವರ್ಷದ ಮಗು ಅಲುಗಾಡದೆ ಮಲಗಿರುವುದು ಸಾಧ್ಯವಿಲ್ಲ, ಅದಕ್ಕೆ ಪೂರ್ಣ ಅರಿವಳಿಕೆ ಬೇಕು. ಸ್ಟೆಂಟ್ ತೆಗೆಯುವ ಐದು ನಿಮಿಷದ ಕೆಲಸಕ್ಕೂ ಸಾಮಾನ್ಯವಾಗಿ ಅರಿವಳಿಕೆ ಕೊಡಬೇಕಾಗುತ್ತದೆ. ‘ಶಸ್ತ್ರಚಿಕಿತ್ಸೆ ಇಲ್ಲ’ ಎಂದು ಆರಿಸಿಕೊಂಡ ದಾರಿಯಲ್ಲಿ ಮಗು ಮೂರು ಸಲ ಆಪರೇಷನ್ ಥಿಯೇಟರಿಗೆ ಹೋಗಬೇಕಾಗಬಹುದು, ‘ಶಸ್ತ್ರಚಿಕಿತ್ಸೆ’ ಎಂದು ಹೆದರಿದ ದಾರಿಯಲ್ಲಿ ಒಂದೇ ಸಲಕ್ಕೆ ಮುಗಿಯಬಹುದು. ನನ್ನ ದೃಷ್ಟಿಯಲ್ಲಿ ಹೆತ್ತವರು ವೈದ್ಯರನ್ನು ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದು: ಕಲ್ಲು ಪೂರ್ತಿ ಹೋಗುವಷ್ಟರಲ್ಲಿ ಒಟ್ಟು ಎಷ್ಟು ಬಾರಿ ಅರಿವಳಿಕೆ ಬೇಕಾಗಬಹುದು?

ಇನ್ನುಳಿದವು ಮಗುವಿನ ವಯಸ್ಸು ಮತ್ತು ಮೂತ್ರಾಂಗಗಳ ರಚನೆ, ಆಸ್ಪತ್ರೆಯಲ್ಲಿ ಮಕ್ಕಳ ಅಳತೆಯ ಉಪಕರಣಗಳು ಮತ್ತು ಮಕ್ಕಳ ಅರಿವಳಿಕೆಯಲ್ಲಿ ನುರಿತವರು ಇದ್ದಾರೆಯೇ ಎಂಬುದು, ಮತ್ತು ಮನೆಯವರ ಶಕ್ತಿ. ಈ ಕೊನೆಯದರಲ್ಲಿ ಹಣದ ಜೊತೆಗೆ ಊರಿನ ದೂರವೂ ಕೂಲಿಯ ದಿನಗಳೂ ಸೇರುತ್ತವೆ.

ಕಾಯುವ ದಾರಿ

ಮೂತ್ರನಾಳಕ್ಕಿಳಿದ 5 ಮಿ.ಮೀ. ಒಳಗಿನ ಕಲ್ಲು ತಾನಾಗಿಯೇ ಹೊರಬೀಳುವ ಸಾಧ್ಯತೆ ಹೆಚ್ಚು. ನೋವು ಮಾತ್ರೆಯ ಹತೋಟಿಯಲ್ಲಿದ್ದು, ಸೋಂಕಿಲ್ಲದೆ, ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಸರಿಯಾಗಿದ್ದರೆ ಕೆಲವು ವಾರ ಕಾಯುವುದು ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಒಪ್ಪುವ ಕ್ರಮ. ಅಮೆರಿಕದ ಮೂತ್ರರೋಗ ತಜ್ಞರ ಸಂಘವು 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ತೊಡಕಿಲ್ಲದ ಮಕ್ಕಳಲ್ಲಿ ಮೂತ್ರನಾಳದ 10 ಮಿ.ಮೀ.ವರೆಗಿನ ಕಲ್ಲಿಗೂ ಮೊದಲು ಕಾದು ನೋಡುವ ಅವಕಾಶವನ್ನು ಕೊಡಬೇಕು. ಗಾತ್ರ ಹೆಚ್ಚಿದಂತೆ ಆ ಅವಕಾಶ ಫಲಿಸುವುದು ಕಡಿಮೆಯಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಮೂತ್ರನಾಳದ ಕೆಳತುದಿಯ ಸ್ನಾಯುವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಎಂಬ ಔಷಧಿಯನ್ನು ವೈದ್ಯರು ಬರೆದುಕೊಡಬಹುದು. ಇದು ಮೂಲತಃ ವಯಸ್ಸಾದ ಗಂಡಸರ ಪ್ರಾಸ್ಟೇಟ್ ತೊಂದರೆಗೆ ಬಂದ ಔಷಧಿ; ಮಕ್ಕಳ ಕಲ್ಲಿಗೆ ಇದನ್ನು ಬಳಸುವುದು ಅಧಿಕೃತ ಒಪ್ಪಿಗೆಯ ವ್ಯಾಪ್ತಿಯಿಂದ ಆಚೆಗಿನದು. ಆದರೂ ಕಲ್ಲು ಹೊರಬೀಳಲು ಸಹಾಯವಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಔಷಧಿ ಅಂಗಡಿಯಲ್ಲಿ ನೀವೇ ಕೇಳಿ ತರಬಾರದು.

ಮೂತ್ರಪಿಂಡದೊಳಗೆ ಯಾವ ತೊಂದರೆಯನ್ನೂ ಕೊಡದೆ ಕುಳಿತ ಸಣ್ಣ ಕಲ್ಲನ್ನೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತ ಗಮನಿಸಬಹುದು.

ಖರ್ಚು ಅತಿ ಕಡಿಮೆ, ಅರಿವಳಿಕೆ ಇಲ್ಲ, ಗಾಯವಿಲ್ಲ. ಬೆಲೆ ತೆರಬೇಕಾಗುವುದು ಅನಿಶ್ಚಯದ ರೂಪದಲ್ಲಿ. ನೋವು ಯಾವಾಗ ಮರುಕಳಿಸುತ್ತದೆಂದು ಹೇಳಲಾಗದು. ತಾಲ್ಲೂಕು ಕೇಂದ್ರದಿಂದ ದೂರದ ಹಳ್ಳಿಯಲ್ಲಿ, ರಾತ್ರಿ ವಾಹನ ಸಿಗದ ಕಡೆ ಇರುವ ಕುಟುಂಬಕ್ಕೆ ಈ ಅನಿಶ್ಚಯ ನಗರದವರಿಗಿಂತ ಹೆಚ್ಚು ಭಾರ. ಅಂಥವರು ‘ಜ್ವರ ಬಂದರೆ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಹಿಡಿಯುತ್ತದೆ’ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಕಾಯಬೇಕು. ಇನ್ನೊಂದು ಅಪಾಯ ಮರೆವಿನದು. ನೋವು ನಿಂತಿತೆಂದರೆ ಕಲ್ಲು ಬಿತ್ತು ಎಂದೇ ಅರ್ಥವಲ್ಲ. ಪೂರ್ತಿ ಕಟ್ಟಿಕೊಂಡ ಮೂತ್ರಪಿಂಡವೂ ಕೆಲದಿನಗಳ ನಂತರ ನೋವು ಕೊಡದೆ ಸುಮ್ಮನಾಗಬಹುದು, ಒಳಗೇ ಕ್ಷೀಣಿಸಬಹುದು. ಆದ್ದರಿಂದ ಹೇಳಿದ ದಿನಕ್ಕೆ ಮರುಸ್ಕ್ಯಾನ್ ಮಾಡಿಸಲಾಗದವರು ಈ ದಾರಿಯನ್ನು ಆರಿಸಿಕೊಳ್ಳಬಾರದು.

ಬಾಳೆದಿಂಡು, ಹುರುಳಿಕಟ್ಟು, ನೆಗ್ಗಿಲುಮುಳ್ಳಿನ ಕಷಾಯಗಳ ಪ್ರಶ್ನೆ ಇಲ್ಲಿಯೇ ಬರುತ್ತದೆ. ಬಾಳೆದಿಂಡಿನ ಪಲ್ಯವನ್ನೋ ಹುರುಳಿ ಸಾರನ್ನೋ ಊಟದ ಭಾಗವಾಗಿ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಮೂತ್ರಪಿಂಡದಲ್ಲಿ ಕುಳಿತ ದೊಡ್ಡ ಕ್ಯಾಲ್ಸಿಯಂ ಕಲ್ಲನ್ನು ಇವು ಕರಗಿಸುತ್ತವೆ ಎಂಬುದಕ್ಕೆ ಮಕ್ಕಳಲ್ಲಿ ನಂಬಲರ್ಹ ಆಧಾರವಿಲ್ಲ. ಸಣ್ಣ ಕಲ್ಲು ಬಿದ್ದಾಗ ಅದಕ್ಕೆ ಕಾರಣ ರಸವೋ, ರಸದ ನೆಪದಲ್ಲಿ ಒಳಗೆ ಹೋದ ನೀರೋ, ಕಾಲವೋ ಎಂದು ಹೇಳುವಂತಿಲ್ಲ. ಯಾವ ಮೂಲಿಕೆ ಎಷ್ಟಿದೆ ಎಂದು ತಿಳಿಯದ ಪುಡಿಗಳನ್ನು ಮಗುವಿನ ಮೂತ್ರಪಿಂಡಕ್ಕೆ ಒಡ್ಡಬೇಡಿ. ಅದಕ್ಕಿಂತ ಮುಖ್ಯವಾಗಿ, ಕಷಾಯ ಕುಡಿಸುತ್ತಿದ್ದೇವೆಂಬ ಸಮಾಧಾನದಲ್ಲಿ ಸ್ಕ್ಯಾನಿನ ದಿನ ತಪ್ಪಿಸಬೇಡಿ.

ಹೊರಗಿನಿಂದ ಒಡೆಯುವ ಶಾಕ್‌ವೇವ್

ದೇಹದ ಹೊರಗೆ ಹುಟ್ಟಿಸಿದ ಆಘಾತ ತರಂಗಗಳನ್ನು ಕಲ್ಲಿನ ಮೇಲೆ ಕೇಂದ್ರೀಕರಿಸಿ ಅದನ್ನು ಪುಡಿಮಾಡುವ ಈ ವಿಧಾನವನ್ನು 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ಬಳಸಲಾಯಿತು. 1980ರ ದಶಕದಲ್ಲಿಯೇ ಮಕ್ಕಳಿಗೂ ಬಂತು. ಆಸ್ಪತ್ರೆಗಳಲ್ಲಿ ಇದನ್ನು ಇ.ಎಸ್.ಡಬ್ಲ್ಯು.ಎಲ್. ಅಥವಾ ಲಿಥೋಟ್ರಿಪ್ಸಿ ಎನ್ನುತ್ತಾರೆ.

ಇದು ದೊಡ್ಡವರಿಗಿಂತ ಮಕ್ಕಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಗುವಿನ ದೇಹ ತೆಳುವಾದ್ದರಿಂದ ತರಂಗಗಳು ಶಕ್ತಿ ಕಳೆದುಕೊಳ್ಳದೆ ಕಲ್ಲನ್ನು ಮುಟ್ಟುತ್ತವೆ. ಮಗುವಿನ ಮೂತ್ರನಾಳ ಕಿರಿದಾದರೂ ಗಿಡ್ಡ ಮತ್ತು ಹೆಚ್ಚು ಹಿಗ್ಗುವಂಥದ್ದು. ಚೂರುಗಳು ಸರಾಗವಾಗಿ ಇಳಿಯುತ್ತವೆ. ಮೂತ್ರಪಿಂಡದ ನಡುಚೀಲದ ಅಥವಾ ಮೂತ್ರನಾಳದ ಮೇಲ್ಭಾಗದ 10 ಮಿ.ಮೀ. ಆಸುಪಾಸಿನ, ಹೆಚ್ಚು ಗಟ್ಟಿಯಲ್ಲದ ಕಲ್ಲಿಗೆ ಇದನ್ನೇ ಮೊದಲು ಯೋಚಿಸುತ್ತಾರೆ. ಯುರೋಪಿನ ಮಾರ್ಗಸೂಚಿಗಳು 20 ಮಿ.ಮೀ.ವರೆಗೂ ಇದಕ್ಕೆ ಮೊದಲ ಸ್ಥಾನ ಕೊಡುತ್ತವೆ. ಬೆಳೆಯುವ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆಯೇ ಎಂಬ ಆತಂಕ ಸಹಜವಾದದ್ದು. ವರ್ಷಗಟ್ಟಲೆ ಮಕ್ಕಳನ್ನು ಗಮನಿಸಿದ ಅಧ್ಯಯನಗಳಲ್ಲಿ ಬೆಳವಣಿಗೆಗೆ ಶಾಶ್ವತ ಧಕ್ಕೆಯಾದದ್ದು ಕಂಡುಬಂದಿಲ್ಲ. ಮಗುವಿನ ಶ್ವಾಸಕೋಶ ಮೂತ್ರಪಿಂಡಕ್ಕೆ ಹತ್ತಿರವಿರುವುದರಿಂದ ಅದಕ್ಕೆ ತರಂಗ ತಗುಲದಂತೆ ಅಡ್ಡರಕ್ಷಣೆ ಇಡಬೇಕು. ಕಲ್ಲನ್ನು ಗುರಿಹಿಡಿಯಲು ಎಕ್ಸ್‌ರೇ ಬದಲು ಅಲ್ಟ್ರಾಸೌಂಡ್ ಬಳಸುವ ಯಂತ್ರವಾದರೆ ಮಗುವಿಗೆ ಇನ್ನೂ ಒಳ್ಳೆಯದು.

ಇದರ ಮಿತಿ ಪುನರಾವರ್ತನೆ. ಒಂದು ಸಲಕ್ಕೆ ಕಲ್ಲು ಪೂರ್ತಿ ಹೋಗದಿರಬಹುದು, ಎರಡನೆಯ ಸಲ, ಕೆಲವೊಮ್ಮೆ ಮೂರನೆಯ ಸಲ ಬೇಕಾಗಬಹುದು. ಒಡೆದ ಚೂರುಗಳು ಮೂತ್ರನಾಳದಲ್ಲಿ ಸಾಲುಗಟ್ಟಿ ನಿಂತು ದಾರಿ ಮುಚ್ಚುವುದೂ ಉಂಟು. ಮೂತ್ರಪಿಂಡದ ಕೆಳಮೂಲೆಯ ಕಲ್ಲು ಒಡೆದರೂ ಚೂರುಗಳು ಮೇಲೆ ಹತ್ತಿ ಹೊರಬರಲಾರದೆ ಅಲ್ಲಿಯೇ ಉಳಿದು ಮತ್ತೆ ಬೆಳೆಯಬಹುದು. ಕಲ್ಲಿನ ಕೆಳಗೆ ಮೂತ್ರದ ದಾರಿಯೇ ಕಿರಿದಾಗಿದ್ದರೆ, ರಕ್ತ ಹೆಪ್ಪುಗಟ್ಟುವಿಕೆಯಲ್ಲಿ ದೋಷವಿದ್ದರೆ, ಸೋಂಕು ಇಳಿಯದಿದ್ದರೆ ಶಾಕ್‌ವೇವ್ ಕೊಡುವಂತಿಲ್ಲ.

ಖರ್ಚಿನ ವಿಷಯದಲ್ಲಿ ಹಲವರು ಎಡವುವುದು ಇಲ್ಲಿಯೇ. ಒಂದು ಬಾರಿಯ ಶುಲ್ಕ ಉಳಿದ ವಿಧಾನಗಳಿಗಿಂತ ಕಡಿಮೆ ಕಾಣುತ್ತದೆ. ಬೀದರಿನಿಂದಲೋ ರಾಯಚೂರಿನಿಂದಲೋ ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಬರುವವರು ಪ್ರತಿ ಬಾರಿಯ ಶುಲ್ಕ, ಅರಿವಳಿಕೆ, ಪ್ರಯಾಣ, ಉಳಿಯುವ ಖರ್ಚು, ತಪ್ಪಿದ ದುಡಿಮೆ ಎಲ್ಲವನ್ನೂ ಸಲಗಳ ಸಂಖ್ಯೆಯಿಂದ ಗುಣಿಸಿ ನೋಡಬೇಕು. ಯಂತ್ರ ನಿಮ್ಮ ಊರಿನಲ್ಲಿಯೇ ಇದ್ದರೆ ಲೆಕ್ಕ ಬೇರೆ.

ಮೂತ್ರದ ದಾರಿಯಿಂದಲೇ ಹೋಗುವ ಲೇಸರ್

ಮೂತ್ರದ್ವಾರದ ಮೂಲಕ ಬಹಳ ತೆಳುವಾದ ದುರ್ಬೀನನ್ನು ಒಳಕ್ಕೆ ಕಳಿಸಿ, ಕಲ್ಲನ್ನು ಕಣ್ಣಾರೆ ಕಂಡು ಲೇಸರಿನಿಂದ ಪುಡಿಮಾಡುವ ವಿಧಾನವಿದು. ಮೂತ್ರನಾಳದಲ್ಲಿ ಮಾಡಿದರೆ ಯು.ಆರ್.ಎಸ್. ಎಂದೂ, ಬಾಗುವ ದುರ್ಬೀನಿನಿಂದ ಮೂತ್ರಪಿಂಡದವರೆಗೂ ಹೋದರೆ ಆರ್.ಐ.ಆರ್.ಎಸ್. ಎಂದೂ ಚೀಟಿಯಲ್ಲಿ ಬರೆದಿರುತ್ತಾರೆ. ಮೈಮೇಲೆ ಎಲ್ಲಿಯೂ ಕುಯ್ದ ಗುರುತಿರುವುದಿಲ್ಲ. ಮೂತ್ರನಾಳದ ಕೆಳಭಾಗದಲ್ಲಿ ಸಿಕ್ಕಿ, ಕಾದರೂ ಬೀಳದ ಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದೇ ಸಲಕ್ಕೆ ಕಲ್ಲು ಮುಗಿಯುವ ಸಾಧ್ಯತೆ ಶಾಕ್‌ವೇವ್‌ಗಿಂತ ಹೆಚ್ಚು, ಗಟ್ಟಿ ಕಲ್ಲಾದರೂ ಲೇಸರಿಗೆ ತಡೆಯಿಲ್ಲ, ಚೂರನ್ನು ಹೊರತಂದು ಪರೀಕ್ಷೆಗೆ ಕಳಿಸಬಹುದು.

ಆದರೆ ಎರಡು ಮೂರು ವರ್ಷದ ಮಗುವಿನ ಮೂತ್ರನಾಳ ಕೆಲವೊಮ್ಮೆ ಆ ದುರ್ಬೀನಿಗೂ ಕಿರಿದು. ಬಲವಂತವಾಗಿ ತೂರಿಸಿದರೆ ನಾಳ ಹರಿಯಬಹುದು, ಮುಂದೆ ಆ ಜಾಗ ಸಂಕುಚಿತವಾಗಬಹುದು. ಅನುಭವಿ ವೈದ್ಯರು ಆಗ ಸ್ಟೆಂಟ್ ಒಂದನ್ನು ಹಾಕಿ ಹಿಂದಿರುಗುತ್ತಾರೆ. ಅದು ಕೆಲವು ವಾರಗಳಲ್ಲಿ ನಾಳವನ್ನು ತಾನಾಗಿ ಹಿಗ್ಗಿಸುತ್ತದೆ; ಎರಡನೆಯ ಭೇಟಿಯಲ್ಲಿ ಕಲ್ಲು ತೆಗೆಯುತ್ತಾರೆ, ಬಳಿಕ ಬಹುಪಾಲು ಮತ್ತೊಂದು ಸ್ಟೆಂಟ್ ಇಡುತ್ತಾರೆ, ಮೂರನೆಯ ಭೇಟಿಯಲ್ಲಿ ಅದನ್ನು ತೆಗೆಯುತ್ತಾರೆ. ಹೀಗೆ ‘ಒಂದೇ ಸಲದ ಲೇಸರ್’ ಚಿಕ್ಕ ಮಗುವಿನಲ್ಲಿ ಮೂರು ಅರಿವಳಿಕೆಯಾಗುವ ಸಾಧ್ಯತೆ ಇದೆ. ಹತ್ತು ಹನ್ನೆರಡು ವರ್ಷದ ಮಗುವಿನಲ್ಲಿ ಈ ತೊಡಕು ಕಡಿಮೆ. ಸ್ಟೆಂಟಿನ ಹೊರತುದಿಗೆ ದಾರ ಬಿಟ್ಟಿದ್ದರೆ ಕೆಲವು ಮಕ್ಕಳಲ್ಲಿ ಅರಿವಳಿಕೆಯಿಲ್ಲದೆಯೇ ಅದನ್ನು ತೆಗೆಯಲೂ ಬಹುದು. ಈ ಅನುಕೂಲವಿದೆಯೇ ಎಂದು ಮೊದಲೇ ಕೇಳಿ.

ಸ್ಟೆಂಟ್ ಇರುವಷ್ಟು ದಿನ ಮಗುವಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ, ಉರಿಯಾಗುತ್ತದೆ, ಮೂತ್ರ ಕೆಂಪಾಗಬಹುದು. ಇದು ನಿರೀಕ್ಷಿತವೇ. ಆದರೆ ಸ್ಟೆಂಟ್ ತೆಗೆಸುವ ದಿನವನ್ನು ಎಂದಿಗೂ ಮರೆಯಬಾರದು. ತಿಂಗಳುಗಟ್ಟಲೆ ಒಳಗೇ ಉಳಿದ ಸ್ಟೆಂಟಿನ ಮೇಲೆ ಹೊಸ ಕಲ್ಲು ಕಟ್ಟಿ, ಅದನ್ನು ತೆಗೆಯುವುದೇ ಮೊದಲ ಕಲ್ಲಿಗಿಂತ ದೊಡ್ಡ ಶಸ್ತ್ರಚಿಕಿತ್ಸೆಯಾಗುತ್ತದೆ. ಬಿಡುಗಡೆ ಪತ್ರದಲ್ಲಿ ಆ ದಿನಾಂಕವನ್ನು ಬರೆಸಿಕೊಂಡೇ ಮನೆಗೆ ಹೊರಡಿ.

ಬೆನ್ನಿನ ಕಡೆಯಿಂದ ಸಣ್ಣ ರಂಧ್ರ

ಬೆನ್ನಿನ ಬದಿಯಲ್ಲಿ ಒಂದು ಸಣ್ಣ ರಂಧ್ರ ಮಾಡಿ ನೇರವಾಗಿ ಮೂತ್ರಪಿಂಡಕ್ಕೆ ದಾರಿ ತೆಗೆದು ಕಲ್ಲನ್ನು ಒಡೆದು ಹೊರತೆಗೆಯುವುದು ಪಿ.ಸಿ.ಎನ್.ಎಲ್. 20 ಮಿ.ಮೀ. ಮೀರಿದ ಕಲ್ಲಿಗೆ, ಜಿಂಕೆಯ ಕೊಂಬಿನಂತೆ ಕವಲೊಡೆದು ಮೂತ್ರಪಿಂಡದ ಒಳಭಾಗವನ್ನೆಲ್ಲ ತುಂಬಿದ ಕಲ್ಲಿಗೆ, ಕೆಳಮೂಲೆಯ 10 ಮಿ.ಮೀ.ಗಿಂತ ದೊಡ್ಡ ಕಲ್ಲಿಗೆ, ಗಟ್ಟಿಯಾದ ಸಿಸ್ಟೀನ್ ಕಲ್ಲಿಗೆ ಇದು ಹೆಚ್ಚು ಸೂಕ್ತ. ಹಿಂದೆ ದೊಡ್ಡವರಿಗೆ ಬಳಸುವ ದಪ್ಪ ಉಪಕರಣಗಳನ್ನೇ ಮಕ್ಕಳಿಗೂ ಬಳಸುತ್ತಿದ್ದುದರಿಂದ ರಕ್ತಸ್ರಾವದ ಭಯವಿತ್ತು. ಈಗ ಮಿನಿ ಎಂದೂ ಅಲ್ಟ್ರಾಮಿನಿ ಎಂದೂ ಕರೆಯುವ ಕಿರಿದಾದ ಉಪಕರಣಗಳು ಬಂದಿವೆ, ರಂಧ್ರವೂ ರಕ್ತಸ್ರಾವವೂ ಕಡಿಮೆಯಾಗಿವೆ.

ನಾನು ಕಂಡಂತೆ ಹೆತ್ತವರು ಅತಿ ಹೆಚ್ಚು ಹೆದರುವುದು ಈ ವಿಧಾನಕ್ಕೆ. ದೊಡ್ಡ ಕಲ್ಲಿನ ಮಟ್ಟಿಗೆ ಆ ಹೆದರಿಕೆ ಮಗುವಿಗೆ ಉಪಕಾರ ಮಾಡುವುದಿಲ್ಲ. 25 ಮಿ.ಮೀ. ಕಲ್ಲನ್ನು ಹಲವು ಬಾರಿ ಶಾಕ್‌ವೇವ್ ಕೊಟ್ಟು ಒಡೆಸುವುದಕ್ಕಿಂತ ಒಂದು ಸಲ ಈ ದಾರಿಯಿಂದ ತೆಗೆಸುವುದು ಅರಿವಳಿಕೆಯ ಲೆಕ್ಕದಲ್ಲಿಯೂ ಹಣದ ಲೆಕ್ಕದಲ್ಲಿಯೂ ಹಗುರವಾಗಬಹುದು. ಆದರೂ ಇದು ನಿಜವಾದ ಶಸ್ತ್ರಚಿಕಿತ್ಸೆಯೇ: ಕೆಲವು ದಿನ ಆಸ್ಪತ್ರೆಯಲ್ಲಿ ಇರಬೇಕು, ಜ್ವರ ಬರಬಹುದು, ಕೆಲವರಿಗೆ ರಕ್ತ ಕೊಡಬೇಕಾಗಬಹುದು, ಅಪರೂಪಕ್ಕೆ ಅಕ್ಕಪಕ್ಕದ ಅಂಗಗಳಿಗೆ ಪೆಟ್ಟಾಗಬಹುದು. ಒಳಗೆ ಹರಿಸುವ ದ್ರವ ತಣ್ಣಗಿದ್ದರೆ ಚಿಕ್ಕ ಮಗುವಿನ ಮೈ ಬೇಗ ತಣಿಯುತ್ತದೆ, ಅದನ್ನು ಬೆಚ್ಚಗೆ ಮಾಡಿ ಬಳಸಬೇಕು. ಇಂಥ ಸೂಕ್ಷ್ಮಗಳು ಮಕ್ಕಳಿಗೆ ಈ ಚಿಕಿತ್ಸೆಯನ್ನು ನಿಯಮಿತವಾಗಿ ಮಾಡುವ ತಂಡಕ್ಕೆ ರೂಢಿಯಾಗಿರುತ್ತವೆ. ಹೀಗಾಗಿ ಈ ವಿಧಾನದಲ್ಲಿ ಆಸ್ಪತ್ರೆಯ ಆಯ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ತೂಕದ್ದು. ‘ಈ ವಯಸ್ಸಿನ ಮಕ್ಕಳಿಗೆ ಇಲ್ಲಿ ಮಾಡುತ್ತೀರಾ, ಯಾವ ಅಳತೆಯ ಉಪಕರಣ ಬಳಸುತ್ತೀರಿ’ ಎಂದು ಕೇಳಲು ಸಂಕೋಚ ಬೇಡ.

ಹೊಟ್ಟೆ ತೆರೆದು ಅಥವಾ ಲ್ಯಾಪರೋಸ್ಕೋಪಿಯಿಂದ ಕಲ್ಲು ತೆಗೆಯುವುದು ಇಂದು ಅಪರೂಪ. ಅದಕ್ಕೆ ಸ್ಪಷ್ಟವಾದ ಒಂದು ಸ್ಥಾನವಿದೆ: ಮೂತ್ರಪಿಂಡ ಮತ್ತು ಮೂತ್ರನಾಳ ಕೂಡುವಲ್ಲಿ ಹುಟ್ಟಿನಿಂದಲೇ ಕಿರಿದಾಗಿದ್ದು, ಅದರಿಂದಲೇ ಮೂತ್ರ ನಿಂತು ಕಲ್ಲಾಗಿದ್ದರೆ, ಆ ಕಿರಿದಾದ ಭಾಗವನ್ನು ಸರಿಪಡಿಸುವಾಗಲೇ ಕಲ್ಲನ್ನೂ ತೆಗೆಯುವುದು ಜಾಣತನ. ಕಲ್ಲನ್ನಷ್ಟೇ ತೆಗೆದರೆ ಮತ್ತೆ ಕಲ್ಲಾಗುತ್ತದೆ.

ಮೂತ್ರಕೋಶದ ಕಲ್ಲು ಬೇರೆಯೇ ಕಥೆ. ಒಂದು ಕಾಲಕ್ಕೆ ವಾಯವ್ಯ ಭಾರತದಲ್ಲಿ, ಥಾಯ್ಲೆಂಡಿನಲ್ಲಿ ಬಡ ಮಕ್ಕಳಿಗೆ ಇದು ಹೆಚ್ಚಾಗಿ ಬರುತ್ತಿತ್ತು. ಬರೀ ಧಾನ್ಯದ ಊಟ, ಹಾಲು ಮತ್ತು ಪ್ರೋಟೀನಿನ ಕೊರತೆ ಇದಕ್ಕೆ ಕಾರಣವೆಂದು ತಿಳಿದುಬಂದಿದೆ. ಊಟ ಸುಧಾರಿಸಿದಂತೆ ಅದು ಇಳಿದಿದೆ. ಮೂತ್ರ ಮಾಡುವಾಗ ಮಗು ಅಳುತ್ತ ಜನನಾಂಗವನ್ನು ಎಳೆದುಕೊಳ್ಳುವುದು, ಧಾರೆ ನಡುವೆ ನಿಲ್ಲುವುದು ಇದರ ಲಕ್ಷಣ. ಚಿಕ್ಕದನ್ನು ದುರ್ಬೀನಿನಿಂದ, ದೊಡ್ಡದನ್ನು ಕಿಬ್ಬೊಟ್ಟೆಯ ಸಣ್ಣ ರಂಧ್ರದಿಂದ ಅಥವಾ ತೆರೆದ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ.

ಎಲ್ಲ ದಾರಿಗೂ ಸೇರಬೇಕಾದ ಭಾಗ: ಕಾರಣ ಹುಡುಕುವುದು

ಮೇಲಿನ ಯಾವ ದಾರಿ ಹಿಡಿದರೂ ಅದು ಕಲ್ಲನ್ನು ಕಳೆಯುತ್ತದೆಯೇ ಹೊರತು ಕಲ್ಲಾಗುವ ಗುಣವನ್ನು ಕಳೆಯುವುದಿಲ್ಲ. ಮಕ್ಕಳಲ್ಲಿ ಕಲ್ಲಿನ ಹಿಂದೆ ದೇಹದ ರಾಸಾಯನಿಕ ವ್ಯತ್ಯಾಸವೋ ಮೂತ್ರಾಂಗಗಳ ರಚನೆಯ ದೋಷವೋ ಸೋಂಕೋ ಇರುವುದು ಸಾಮಾನ್ಯ. ಅವರಲ್ಲಿ ಕಲ್ಲು ಮರುಕಳಿಸುವುದೂ ಹೆಚ್ಚು. ಕಾರಣ ಹಾಗೆಯೇ ಇದ್ದಾಗ ಅದು ಎಷ್ಟು ತೀವ್ರವಾಗಿ ಕೆಲಸ ಮಾಡುತ್ತದೆ, ತೆಗೆದಾಗ ಎಷ್ಟು ಬೇಗ ಬಿಡುತ್ತದೆ ಎಂಬುದಕ್ಕೆ ಚೀನಾದ 2008ರ ಘಟನೆ ಸಾಕ್ಷಿ. ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆಸಿದ ಹಾಲಿನಪುಡಿಯಿಂದ ಅಲ್ಲಿ ಸುಮಾರು 3 ಲಕ್ಷ ಶಿಶುಗಳು ತೊಂದರೆಗೊಳಗಾದವು, ಕೆಲವು ಸತ್ತವು. ಆದರೆ ಆ ಪುಡಿಯನ್ನು ನಿಲ್ಲಿಸಿ ದ್ರವಾಹಾರ ಕೊಟ್ಟಾಗ ಬಹುಪಾಲು ಶಿಶುಗಳ ಕಲ್ಲು ಶಸ್ತ್ರಚಿಕಿತ್ಸೆಯಿಲ್ಲದೆಯೇ ಹೋಯಿತು.

ನಮ್ಮ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಾಸಾಯನಿಕ ಕಾರಣ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಹೋಗುವುದು. ಕಲ್ಲನ್ನು ತಡೆಯುವ ಸಿಟ್ರೇಟ್ ಕಡಿಮೆಯಿರುವುದು ಇನ್ನೊಂದು. ಔಷಧಿಗಳನ್ನೂ ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಮೂರ್ಛೆರೋಗಕ್ಕೆ ಕೊಡುವ ಟೋಪಿರಮೇಟ್, ಅದೇ ರೋಗಕ್ಕಾಗಿ ಮಾಡಿಸುವ ಕೀಟೋಜೆನಿಕ್ ಆಹಾರಕ್ರಮ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಕೊಡುವ ಫ್ಯೂರೋಸೆಮೈಡ್ ಇವೆಲ್ಲ ಕಲ್ಲಿಗೆ ಕಾರಣವಾಗಬಲ್ಲವು. ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿನಿಂದ ಆಗುವ ಕಲ್ಲು ಮಾತ್ರ ಮದ್ದು ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಕರಗುತ್ತದೆ. ವಿಟಮಿನ್ ಡಿ ಬಗ್ಗೆ ವಿಶೇಷ ಎಚ್ಚರ ಬೇಕು: ಶಿಶುವಿಗೆ ದಿನಕ್ಕೆ 400 ಯೂನಿಟ್ ಸಾಕಾಗುವಾಗ, 60,000 ಯೂನಿಟ್ಟಿನ ಪೊಟ್ಟಣವನ್ನು ಮತ್ತೆ ಮತ್ತೆ ಕೊಟ್ಟರೆ ರಕ್ತದಲ್ಲಿಯೂ ಮೂತ್ರದಲ್ಲಿಯೂ ಕ್ಯಾಲ್ಸಿಯಂ ಏರುತ್ತದೆ.

ಸಿಸ್ಟೀನ್ ಮೂತ್ರಕ್ಕೆ ಹೆಚ್ಚಾಗಿ ಸೋರುವ ಸಿಸ್ಟಿನ್ಯೂರಿಯಾ, ಆಕ್ಸಲೇಟ್ ಮಿತಿಮೀರಿ ಉತ್ಪತ್ತಿಯಾಗುವ ಪ್ರೈಮರಿ ಹೈಪರ್‌ಆಕ್ಸಲೂರಿಯಾ, ಮೂತ್ರಪಿಂಡ ಆಮ್ಲವನ್ನು ಹೊರಹಾಕಲಾಗದ ಟ್ಯೂಬ್ಯುಲರ್ ಅಸಿಡೋಸಿಸ್‌ನ ಕೆಲವು ಬಗೆಗಳು ವಂಶದಿಂದ ಬರುವ ರೋಗಗಳು. ಇವು ಸಾಮಾನ್ಯವಾಗಿ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಕಾಣಿಸಿಕೊಳ್ಳುತ್ತವೆ. ಸೋದರಮಾವನೊಂದಿಗೆ, ಅತ್ತೆಮಾವಂದಿರ ಮಕ್ಕಳೊಂದಿಗೆ ಮದುವೆಯಾಗುವ ರೂಢಿ ಕರ್ನಾಟಕದ ಹಲವೆಡೆ ಇರುವುದರಿಂದ, ನಿಮ್ಮದು ಒಳಸಂಬಂಧದ ಮದುವೆಯಾಗಿದ್ದರೆ ವೈದ್ಯರಿಗೆ ಅದನ್ನು ತಿಳಿಸಿ. ಇದರಲ್ಲಿ ಯಾರನ್ನೂ ದೂರುವ ಮಾತಿಲ್ಲ, ರೋಗವನ್ನು ಬೇಗ ಹಿಡಿಯುವ ಮಾತಿದೆ. ಪ್ರೈಮರಿ ಹೈಪರ್‌ಆಕ್ಸಲೂರಿಯಾ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಅದರ ಮೊದಲ ಬಗೆಗೆ ಲುಮಾಸಿರಾನ್ ಎಂಬ ಔಷಧಿ 2020ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಒಪ್ಪಿಗೆ ಪಡೆದಿದೆ. ಕೆಲವರಿಗೆ ಪಿರಿಡಾಕ್ಸಿನ್ ಎಂಬ ಬಿ6 ವಿಟಮಿನ್ನಿನಿಂದಲೇ ಗುಣ ಕಾಣುತ್ತದೆ.

ಆದ್ದರಿಂದ ಮೊದಲ ಕಲ್ಲಿಗೇ ಪರೀಕ್ಷೆ ಮಾಡಿಸಬೇಕು. ಬಿದ್ದ ಅಥವಾ ತೆಗೆದ ಕಲ್ಲಿನ ವಿಶ್ಲೇಷಣೆ, ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಬೈಕಾರ್ಬೊನೇಟ್, ಯೂರಿಕ್ ಆಮ್ಲ, ಕ್ರಿಯಾಟಿನಿನ್, ಮತ್ತು 24 ಗಂಟೆಯ ಮೂತ್ರಪರೀಕ್ಷೆ. ಮೂತ್ರ ಹಿಡಿಯಲಾಗದ ಚಿಕ್ಕ ಮಗುವಿಗೆ ಒಂದು ಸಲದ ಮೂತ್ರದಲ್ಲಿ ಕ್ಯಾಲ್ಸಿಯಂ–ಕ್ರಿಯಾಟಿನಿನ್ ಅನುಪಾತ ನೋಡುತ್ತಾರೆ. ಈ ಪರೀಕ್ಷೆಗಳ ಖರ್ಚು ಇನ್ನೊಂದು ಶಸ್ತ್ರಚಿಕಿತ್ಸೆಯ ಖರ್ಚಿನ ಮುಂದೆ ಅಲ್ಪ. ಹಣ ಉಳಿಸಲೇಬೇಕಾದರೆ ಬೇರೆ ಎಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಮನೆಯಲ್ಲಿ ಮಾಡಬೇಕಾದದ್ದು ನೀರು ಮತ್ತು ಉಪ್ಪಿನ ವಿಷಯ. ದಿನಕ್ಕೆ ಶಿಶುವಿಗೆ ಹಾಲೂ ಸೇರಿ ಸುಮಾರು 750 ಮಿ.ಲೀ., ಐದು ವರ್ಷದೊಳಗಿನ ಮಗುವಿಗೆ 1 ಲೀಟರ್, ಹತ್ತರವರೆಗೆ ಒಂದೂವರೆ ಲೀಟರ್, ಆಮೇಲೆ 2 ಲೀಟರ್ ದ್ರವ ಬೇಕು. ಬಿಸಿಲ ನಾಡಿನಲ್ಲಿ, ಆಟವಾಡುವ ಮಗುವಿಗೆ ಇನ್ನೂ ಹೆಚ್ಚು. ಶಾಲೆಯ ಶೌಚಾಲಯ ಕೊಳಕೆಂದು ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಇಡೀ ದಿನ ನೀರು ಕುಡಿಯದೆ ಇರುತ್ತಾರೆ. ಕೇರಳದಲ್ಲಿ 2019ರಲ್ಲಿ ಗಮನ ಸೆಳೆದ, ಕರ್ನಾಟಕವೂ ಕೈಗೆತ್ತಿಕೊಂಡ, ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ‘ನೀರಿನ ಗಂಟೆ’ ನಿಮ್ಮ ಮಗುವಿನ ಶಾಲೆಯಲ್ಲಿ ಬಾರಿಸುತ್ತದೆಯೇ, ಶೌಚಾಲಯದಲ್ಲಿ ನೀರಿದೆಯೇ ಎಂದು ಹೋಗಿ ನೋಡಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಪೊಟ್ಟಣದ ನೂಡಲ್ಸ್ ಕಡಿಮೆ ಮಾಡಿ, ಏಕೆಂದರೆ ಉಪ್ಪು ಹೆಚ್ಚಾದಂತೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಆದರೆ ‘ಕ್ಯಾಲ್ಸಿಯಂ ಕಲ್ಲು’ ಎಂದು ಕೇಳಿದ ಕೂಡಲೇ ಹಾಲು ಮೊಸರು ನಿಲ್ಲಿಸುವುದು ದೊಡ್ಡ ತಪ್ಪು. ಬೆಳೆಯುವ ಮೂಳೆಗೆ ಅದು ಬೇಕು, ಮತ್ತು ಊಟದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದಿಡುತ್ತದೆ. ಪಾಲಕ್, ಹರಿವೆಯಂಥ ಸೊಪ್ಪನ್ನು ಮಿತಗೊಳಿಸುವುದು ಪರೀಕ್ಷೆಯಲ್ಲಿ ಆಕ್ಸಲೇಟ್ ಹೆಚ್ಚಿದ್ದರೆ ಮಾತ್ರ ಅಗತ್ಯ. ನಿಂಬೆಪಾನಕ ಒಳ್ಳೆಯದು, ಉಪ್ಪು ಹಾಕದೆ, ಸಕ್ಕರೆ ಕಡಿಮೆ ಹಾಕಿ. ಪೊಟ್ಯಾಸಿಯಂ ಸಿಟ್ರೇಟ್, ಥಯಾಝೈಡ್‌ನಂಥ ಔಷಧಿಗಳನ್ನು ಪರೀಕ್ಷೆಯ ಫಲ ನೋಡಿ ವೈದ್ಯರು ಕೊಡುತ್ತಾರೆ.

ಕೆಲವು ಸಂದರ್ಭಗಳು ಮತ್ತು ಹಣದ ಮಾತು

ಆರು ವರ್ಷದ ಮಗುವಿನ ಮೂತ್ರನಾಳದ ಕೆಳಭಾಗದಲ್ಲಿ 4 ಮಿ.ಮೀ. ಕಲ್ಲಿದ್ದು ಜ್ವರವಿಲ್ಲದಿದ್ದರೆ ನಾನು ಕಾಯುವ ದಾರಿಯನ್ನೇ ಹೇಳುತ್ತೇನೆ. ಕೆಲವು ವಾರಗಳಲ್ಲಿ ಬೀಳದಿದ್ದರೆ ದುರ್ಬೀನಿನ ಲೇಸರ್. ಐದು ವರ್ಷದ ಮಗುವಿನ ಮೂತ್ರಪಿಂಡದ ನಡುಚೀಲದಲ್ಲಿ 11 ಮಿ.ಮೀ. ಕಲ್ಲಿದ್ದು, ಯಂತ್ರ ಹತ್ತಿರದ ನಗರದಲ್ಲಿದ್ದರೆ ಶಾಕ್‌ವೇವ್ ಮೊದಲು. ಅದೇ ಕಲ್ಲು ಹದಿಮೂರು ವರ್ಷದ ಹುಡುಗನಲ್ಲಿದ್ದು, ಊರು ದೂರವಿದ್ದು, ಸಿ.ಟಿ.ಯಲ್ಲಿ ಗಟ್ಟಿ ಎಂದು ಕಂಡರೆ ಲೇಸರ್ ಅಥವಾ ಮಿನಿ ಪಿ.ಸಿ.ಎನ್.ಎಲ್. ಕಡೆಗೆ ತಕ್ಕಡಿ ವಾಲುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಎರಡೂ ಮೂತ್ರಪಿಂಡಗಳಲ್ಲಿ ಕಲ್ಲಿದ್ದರೆ ಯಾವ ವಿಧಾನದಿಂದ ತೆಗೆಯುವುದು ಎಂಬುದಕ್ಕಿಂತ ಮೊದಲು ಮಕ್ಕಳ ಮೂತ್ರಪಿಂಡ ತಜ್ಞರನ್ನು ಕಾಣಬೇಕು, ಏಕೆಂದರೆ ಅಲ್ಲಿ ವಂಶವಾಹಿ ರೋಗದ ಸಂಶಯ ಬಲವಾಗಿರುತ್ತದೆ.

ಕರ್ನಾಟಕದಲ್ಲಿ ಬಿ.ಪಿ.ಎಲ್. ಕಾರ್ಡಿರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ–ಯುರಾಲಜಿ ಸಂಸ್ಥೆ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರಿ ವಲಯದಲ್ಲಿ ವಿಚಾರಿಸಬಹುದಾದ ಕಡೆಗಳು. ಹೊರಡುವ ಮುನ್ನ ಮಗುವಿನ ವಯಸ್ಸು ಮತ್ತು ಕಲ್ಲಿನ ಅಳತೆ ಹೇಳಿ, ನಿಮಗೆ ಸೂಚಿಸಿದ ವಿಧಾನ ಅಲ್ಲಿ ಮಕ್ಕಳಿಗೆ ಲಭ್ಯವಿದೆಯೇ, ಸ್ಟೆಂಟ್ ತೆಗೆಯುವುದೂ ಎರಡನೆಯ ಸಲದ ಚಿಕಿತ್ಸೆಯೂ ಅದೇ ಪ್ಯಾಕೇಜಿನಲ್ಲಿ ಸೇರುತ್ತವೆಯೇ ಎಂದು ಕೇಳಿಕೊಳ್ಳಿ. ಹಳೆಯ ಸ್ಕ್ಯಾನ್‌ಗಳ ಚಿತ್ರಗಳನ್ನೂ ವರದಿಯ ಜೊತೆಗೆ ಒಯ್ಯಿರಿ. ಕಲ್ಲು ಬೆಳೆಯುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಅವುಗಳಿಂದಲೇ ತಿಳಿಯುತ್ತದೆ. ಚಿಕಿತ್ಸೆಗೆ ಮೊದಲೇ ಮನೆಯಲ್ಲಿ ಕಲ್ಲು ಬಿದ್ದರೆ ತೆಳು ಬಟ್ಟೆಯಲ್ಲಿ ಮೂತ್ರ ಸೋಸಿ ಅದನ್ನು ಹಿಡಿದು, ತೊಳೆದು ಒಣಗಿಸಿ, ಸಣ್ಣ ಡಬ್ಬಿಯಲ್ಲಿ ಹಾಕಿ ವಿಶ್ಲೇಷಣೆಗೆ ಕೊಡಿ.